ಕಲಾವಿದರ ರೆಸಿಡೆನ್ಸಿ: ಯಾರೂ ಕೆಲಸ ಹೇಳದ ಹದಿನಾರು ದಿನ



ಕಲಾವಿದರ ರೆಸಿಡೆನ್ಸಿಯ ಬಗ್ಗೆ ನಾವು ನಡೆಸಿದ ಮಾತುಕತೆಯ ಕಾರ್ಯಕ್ರಮ ಮುಗಿದ ಮೇಲೆ ಸ್ಟುಡಿಯೋದಲ್ಲಿ ಕುಳಿತಿದ್ದ ಹುಡುಗರಲ್ಲಿ ಒಬ್ಬ ನನ್ನ ಬಳಿ ಬಂದು, "ಸರ್, ಅಲ್ಲಿಗೆ ಹೋದರೆ ಏನು ಕಲಿಸುತ್ತಾರೆ?" ಎಂದು ಕೇಳಿದ. ಅರ್ಧ ಗಂಟೆ ಮಾತಾಡಿದರೂ ಮೊದಲು ಹೇಳಬೇಕಾದದ್ದನ್ನೇ ನಾವು ಹೇಳಿರಲಿಲ್ಲ ಎಂದು ಆಗ ಗೊತ್ತಾಯಿತು. ಅಲ್ಲಿ ಯಾರೂ ಏನನ್ನೂ ಕಲಿಸುವುದಿಲ್ಲ. ಒಂದು ಕೋಣೆ, ಒಂದು ಮೇಜು, ಒಂದು ಕಿಟಕಿ, ಹೊತ್ತಿಗೆ ಊಟ. ಇಷ್ಟನ್ನು ಕೊಟ್ಟು ಸುಮ್ಮನಾಗುತ್ತಾರೆ. ಎರಡು ವಾರವೋ ನಾಲ್ಕು ವಾರವೋ ಕಳೆದ ಮೇಲೆ ನೀವು ಹೊರಡುತ್ತೀರಿ. ನಡುವೆ ನೀವೇನು ಮಾಡಿದಿರಿ ಎಂದು ಲೆಕ್ಕ ಕೇಳುವವರಿಲ್ಲ. ಸ್ವಯಂನಿರ್ದೇಶಿತ ರೆಸಿಡೆನ್ಸಿ ಎಂದರೆ ಇದು.

ನಮ್ಮಲ್ಲಿ ಹೆಚ್ಚು ಪರಿಚಿತವಾದದ್ದು ಕಲಾ ಶಿಬಿರ. ಅದು ಬೇರೆ. ಶಿಬಿರದಲ್ಲಿ ಸಂಘಟಕರು ಕ್ಯಾನ್ವಾಸು, ಬಣ್ಣ ಕೊಡುತ್ತಾರೆ. ಹತ್ತಿಪ್ಪತ್ತು ಮಂದಿ ಒಂದೇ ಚಾವಣಿಯಡಿ ಕೂತು ಐದಾರು ದಿನದಲ್ಲಿ ಒಂದೋ ಎರಡೋ ಚಿತ್ರ ಮುಗಿಸುತ್ತಾರೆ. ಸಾಮಾನ್ಯವಾಗಿ ಅದು ಸಂಘಟಕರಲ್ಲೇ ಉಳಿಯುತ್ತದೆ. ಕೊನೆಯ ದಿನ ಸಮಾರೋಪ, ಶಾಲು, ಗುಂಪು ಫೋಟೋ. ಶಿಬಿರವನ್ನು ನಾನು ಹಗುರ ಮಾಡುತ್ತಿಲ್ಲ. ಹಿರಿಯ ಕಲಾವಿದರ ಕುಂಚ ಹೇಗೆ ಓಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ. ಆದರೆ ಅಲ್ಲಿ ಹೊರಡುವ ಮೊದಲೇ ಚಿತ್ರ ಆಗಿಬಿಡಬೇಕು. ರೆಸಿಡೆನ್ಸಿಯಲ್ಲಿ ಆ 'ಆಗಿಬಿಡಬೇಕು' ಇಲ್ಲ.

ಕಲಾವಿದರನ್ನು ಬೇರೆ ಊರಿಗೆ ಕಳಿಸಿ ಇರಿಸುವ ಪದ್ಧತಿ ಹಳೆಯದು. ಫ್ರಾನ್ಸಿನ ದೊರೆ 14ನೆಯ ಲೂಯಿ 1666ರಲ್ಲಿ ರೋಮ್ ನಗರದಲ್ಲಿ ಫ್ರೆಂಚ್ ಅಕಾಡೆಮಿಯನ್ನು ಸ್ಥಾಪಿಸಿದ. ತರುಣ ಕಲಾವಿದರಿಗೆ ವಸತಿ, ಊಟ, ಭತ್ಯ ಎಲ್ಲವೂ ಇತ್ತು. ಇಲ್ಲದೆ ಇದ್ದದ್ದು ಸ್ವಾತಂತ್ರ್ಯ. ಪುರಾತನ ಶಿಲ್ಪಗಳನ್ನೂ ಹಿಂದಿನ ಗುರುಗಳ ಚಿತ್ರಗಳನ್ನೂ ನಕಲು ಮಾಡುವುದು ಅವರ ಕರ್ತವ್ಯವಾಗಿತ್ತು. ಆಮೇಲಿನ ಕಾಲದಲ್ಲಿ ಗೊತ್ತುಪಡಿಸಿದ ಕೃತಿಗಳನ್ನು ಕಾಲಕಾಲಕ್ಕೆ ಪ್ಯಾರಿಸಿಗೆ ಕಳಿಸಿ ಪರೀಕ್ಷೆಗೆ ಒಡ್ಡಬೇಕಾಗಿತ್ತು. ಅಂದರೆ ರೋಮಿಗೆ ಹೋದರೂ ಪಠ್ಯಕ್ರಮ ಹಿಂದೆಯೇ ಬರುತ್ತಿತ್ತು.

ಇದಕ್ಕೆ ತೀರಾ ಬೇರೆಯಾದ ಕಲ್ಪನೆ ಹುಟ್ಟಿದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೀಟರ್‌ಬರೋ ಎಂಬ ಸಣ್ಣ ಊರಿನ ಒಂದು ತೋಟದಲ್ಲಿ. ಎಡ್ವರ್ಡ್ ಮ್ಯಾಕ್‌ಡೋವೆಲ್ ಎಂಬ ಸಂಗೀತ ರಚನಕಾರರು, ಪಿಯಾನೋ ವಾದಕಿಯಾದ ಅವರ ಪತ್ನಿ ಮೇರಿಯನ್, 1896ರಲ್ಲಿ ಆ ತೋಟ ಕೊಂಡರು. ಮನೆಯಲ್ಲಿ ಜನ ಬಂದುಹೋಗುವ ಗಲಾಟೆ. ಅದಕ್ಕಾಗಿ ಕಾಡಿನೊಳಗೆ ಮರದ ದಿಮ್ಮಿಗಳ ಒಂದು ಪುಟ್ಟ ಗುಡಿಸಲು ಕಟ್ಟಿದರು. ಎಡ್ವರ್ಡ್ ಬೆಳಿಗ್ಗೆ ಅಲ್ಲಿಗೆ ಹೋದರೆ ಮಧ್ಯಾಹ್ನ ಮೇರಿಯನ್ ಊಟದ ಬುಟ್ಟಿಯನ್ನು ಬಾಗಿಲ ಬಳಿ ಇಟ್ಟು, ಕದ ತಟ್ಟದೆ, ಮಾತಾಡಿಸದೆ ಹಿಂದಿರುಗುತ್ತಿದ್ದರಂತೆ. ಈ ಏಕಾಂತ ಇತರ ಕಲಾವಿದರಿಗೂ ಸಿಗಬೇಕೆಂದು ದಂಪತಿಗಳು ಬಯಸಿದರು. 1907ರಲ್ಲಿ ಸಂಸ್ಥೆ ಆರಂಭವಾಯಿತು. ಮರುವರ್ಷವೇ ಎಡ್ವರ್ಡ್ ತೀರಿಕೊಂಡರು. ಮೇರಿಯನ್ ದಶಕಗಳ ಕಾಲ ಊರೂರು ತಿರುಗಿ ಪಿಯಾನೋ ನುಡಿಸಿ, ಭಾಷಣ ಮಾಡಿ, ಹಣ ಕೂಡಿಸಿ ಆ ಕಾಡಿನಲ್ಲಿ ಒಂದೊಂದೇ ಕಾರ್ಯಾಗಾರ ಕಟ್ಟಿಸಿದರು. 98ನೆಯ ವಯಸ್ಸಿನಲ್ಲಿ, 1956ರಲ್ಲಿ ಅವರು ತೀರಿಕೊಂಡಾಗ ಅದು ಜಗತ್ತಿಗೆ ಗೊತ್ತಿರುವ ಸಂಸ್ಥೆಯಾಗಿತ್ತು. ಈಗಲೂ ಅಲ್ಲಿ ಮಧ್ಯಾಹ್ನದ ಊಟ ಬುಟ್ಟಿಯಲ್ಲಿ ಬಾಗಿಲ ಬಳಿಗೇ ಬರುತ್ತದೆ. ಪ್ರತಿ ಕಾರ್ಯಾಗಾರದಲ್ಲಿ ಮರದ ಹಲಗೆಗಳಿವೆ. ಅಲ್ಲಿ ತಂಗಿದವರು ಹೊರಡುವಾಗ ಹೆಸರು ಬರೆದು ಹೋಗುತ್ತಾರೆ. ಎಷ್ಟು ಚಿತ್ರ ಬರೆದರು, ಎಷ್ಟು ಪುಟ ಬರೆದರು ಎಂಬುದನ್ನು ಆ ಹಲಗೆ ಹೇಳುವುದಿಲ್ಲ.

ನ್ಯೂಯಾರ್ಕ್ ರಾಜ್ಯದ ಸರಾಟೋಗ ಸ್ಪ್ರಿಂಗ್ಸ್‌ನಲ್ಲಿರುವ ಯಾಡೋ ಕೂಡ ಇದೇ ಬಗೆಯದು. ತಮ್ಮ ನಾಲ್ಕೂ ಮಕ್ಕಳನ್ನು ಕಳೆದುಕೊಂಡ ಟ್ರಾಸ್ಕ್ ದಂಪತಿಗಳು ತಮ್ಮ ಬಂಗಲೆಯನ್ನು 1900ರಲ್ಲಿ ಕಲಾವಿದರಿಗೆಂದು ಮೀಸಲಿಟ್ಟರು. ಮೊದಲ ಅತಿಥಿಗಳು ಬಂದದ್ದು 1926ರಲ್ಲಿ. ಆ ಹೊತ್ತಿಗೆ ಗಂಡಹೆಂಡತಿ ಇಬ್ಬರೂ ಬದುಕಿರಲಿಲ್ಲ.

ನಮ್ಮ ದೇಶಕ್ಕೆ ಬಂದರೆ, ಮದರಾಸಿನ ಹೊರವಲಯದಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳತನದಲ್ಲಿ 1966ರಲ್ಲಿ ಹುಟ್ಟಿದ ಚೋಳಮಂಡಲವನ್ನು ಹೆಸರಿಸಬೇಕು. ಬಾಟಿಕ್ ಮೊದಲಾದ ಕರಕುಶಲ ವಸ್ತುಗಳನ್ನು ಮಾರಿ ಕಲಾವಿದರು ತಾವೇ ಜಾಗ ಕೊಂಡು ಕಟ್ಟಿಕೊಂಡ ಊರು ಅದು. ಆದರೆ ಅದು ನೆಲೆಸುವ ಊರು, ತಂಗುದಾಣವಲ್ಲ. ಇಂದಿನ ಅರ್ಥದ ಅಲ್ಪಾವಧಿ ವಾಸ್ತವ್ಯಕ್ಕೆ ದಾರಿ ಮಾಡಿದ್ದು 1997ರಲ್ಲಿ ದೆಹಲಿಯ ಬಳಿಯ ಮೋದಿನಗರದಲ್ಲಿ ನಡೆದ ಖೋಜ್ ಕಮ್ಮಟ. ಬೆಂಗಳೂರಿನಲ್ಲಿ ಕಲಾವಿದ ಹಾಗೂ ಕಲಾ ಇತಿಹಾಸಕಾರ ಸುರೇಶ್ ಜಯರಾಂ ಶಾಂತಿನಗರದ ತಮ್ಮ ಮನೆಯನ್ನೇ 2003ರಲ್ಲಿ ಇಂಥ ಕಾರ್ಯಾಗಾರವನ್ನಾಗಿ ತೆರೆದರು. ಮನೆಯ ವಿಳಾಸವೇ ಅದರ ಹೆಸರು: 1, ಶಾಂತಿ ರೋಡ್. ದೇಶವಿದೇಶಗಳ ಕಲಾವಿದರು ಅಲ್ಲಿ ಬಂದು ತಂಗಿದ್ದಾರೆ.

ಇತಿಹಾಸ ಇಷ್ಟು ಸಾಕು. ಒಳಗೆ ಇದ್ದವರಿಗೆ ಆ ದಿನಗಳು ಹೇಗೆ ಕಳೆಯುತ್ತವೆ?

ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳಲ್ಲಿ, ಕರಾವಳಿಯ ಒಂದು ಹಳೆಯ ಮನೆಯಲ್ಲಿ ನಡೆಯುತ್ತಿದ್ದ ಹದಿನಾರು ದಿನದ ರೆಸಿಡೆನ್ಸಿಯನ್ನು ಚಿತ್ರೀಕರಿಸಲು ನಮ್ಮ ತಂಡ ಹೋಗಿತ್ತು. ಅಲ್ಲಿದ್ದ ನಾಲ್ವರಲ್ಲಿ ಒಬ್ಬರು ಉತ್ತರ ಕರ್ನಾಟಕದ ಒಂದು ಹೈಸ್ಕೂಲಿನ ಚಿತ್ರಕಲಾ ಶಿಕ್ಷಕಿ. ಇಪ್ಪತ್ತು ವರ್ಷ ಮಕ್ಕಳಿಗೆ ಕಮಲದ ಹೂ, ಹಂಸ, ಬೆಟ್ಟದ ಹಿಂದಿನ ಸೂರ್ಯ ಬಿಡಿಸಲು ಕಲಿಸಿದವರು. ರಜೆ ಕೂಡಿಸಿಕೊಂಡು, ಮಗಳನ್ನು ತಾಯಿಯ ಮನೆಯಲ್ಲಿ ಬಿಟ್ಟು ಬಂದಿದ್ದರು. ನಾವು ಹೋದದ್ದು ಆರನೆಯ ದಿನ. ಅವರು ಅಂಗಳದಲ್ಲಿ ಕುಳಿತು ಬಕೆಟ್ಟಿನಲ್ಲಿ ಮಣ್ಣು ತೊಳೆಯುತ್ತಿದ್ದರು.

ನಮ್ಮ ಕ್ಯಾಮೆರಾಮನ್‌ಗೆ ಇದು ಸರಿಬರಲಿಲ್ಲ. ಟೆಲಿವಿಷನ್ನಿಗೆ ಕಲಾವಿದ ಎಂದರೆ ಕೈಯಲ್ಲಿ ಕುಂಚ, ಎದುರಿಗೆ ಕ್ಯಾನ್ವಾಸು. ನಾನೂ ಆ ಲೆಕ್ಕದವನೇ. "ಟೀಚರ್, ಐದು ನಿಮಿಷ ಕುಂಚ ಹಿಡಿದು ನಿಂತುಕೊಳ್ಳಿ, ಸಾಕು" ಎಂದೆ. ಅವರು ಕೈ ಒರೆಸಿಕೊಂಡು ಎದ್ದು ನಿಂತರು, ಮತ್ತೆ ಕೂತರು. "ಸರ್, ನಾ ಇಲ್ಲಿ ಬಂದು ಆರು ದಿನ ಆತು. ಇನ್ನೂ ಒಂದು ಚಿತ್ರಾನೂ ಬಿಡಿಸಿಲ್ರೀ. ಇಲ್ಲದ್ದನ್ನ ಹೆಂಗ ತೋರಸ್ಲಿ?" ಎಂದರು. ನನಗೆ ಮುಜುಗರವಾಯಿತು. ಮಣ್ಣು ತೊಳೆಯುವುದನ್ನೇ ಚಿತ್ರೀಕರಿಸಿದೆವು.

ಮೊದಲ ಮೂರು ದಿನ ತಮಗೆ ಜ್ವರ ಬಂದಂತಾಗಿತ್ತು ಎಂದು ಅವರು ಆಮೇಲೆ ಹೇಳಿದರು. ಗಂಟೆ ಹೊಡೆಯುವುದಿಲ್ಲ. ಯಾರೂ ಕರೆಯುವುದಿಲ್ಲ. ಜೊತೆಗೆ ತಂದಿದ್ದ ಆಕ್ರಿಲಿಕ್ ಟ್ಯೂಬುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಮತ್ತೆ ಎತ್ತಿಟ್ಟು, ಅಡುಗೆಯವರಿಗೆ ತರಕಾರಿ ಹೆಚ್ಚಿಕೊಡಲು ಹೋಗಿದ್ದಾರೆ. ವರ್ಷಗಟ್ಟಲೆ ಪರೀಕ್ಷೆ, ಅಸೈನ್‌ಮೆಂಟು ಎಂದು ಓಡುವ ನಿಮಗೂ ಇದು ಆದೀತು. ಇದನ್ನು ಸೋಮಾರಿತನವೆಂದು ಗಾಬರಿಯಾಗಬೇಡಿ. ಹಾಗೆಂದು ಇದು ತಾನಾಗಿಯೇ ಎಲ್ಲರಿಗೂ ದಾಟಿಹೋಗುತ್ತದೆ ಎಂದೂ ನಾನು ಹೇಳಲಾರೆ. ಅದೇ ಮನೆಯಲ್ಲಿದ್ದ ಇನ್ನೊಬ್ಬ ತರುಣ ಎಂಟನೆಯ ದಿನ ಗಂಟುಮೂಟೆ ಕಟ್ಟಿ ಊರಿಗೆ ಹೊರಟುಹೋದ.

ಶಿಕ್ಷಕಿಯನ್ನು ಉಳಿಸಿದ್ದು ಮನೆಯ ಹಿಂದಿನ ಜಂಬಿಟ್ಟಿಗೆಯ ಗುಂಡಿ. ಅದರ ಕಡಿದ ಗೋಡೆಯಲ್ಲಿ ಒಂದೇ ಮಾರಿನೊಳಗೆ ಕೆಂಪು, ಹಳದಿ, ಕಂದು, ನಸುಗೆಂಪು ಪಟ್ಟೆಗಳಿದ್ದವು. ಅಂಗಡಿಯ ಬಣ್ಣ ಬಿಟ್ಟು ಇದರಿಂದಲೇ ಬಣ್ಣ ಮಾಡೋಣವೆಂದು ಅವರಿಗೆ ತೋರಿತು. ಹೊಸ ಸಾಹಸವೇನಲ್ಲ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರಕ್ಕೆ ಕೆಮ್ಮಣ್ಣು ಬಳಿದ ಗೋಡೆಯೇ ನೆಲೆ. ಆದರೆ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಆ ತಿಳಿವಳಿಕೆ ಇವರಿಗೆ ಬಂದಿರಲಿಲ್ಲ. ಎಲ್ಲವನ್ನೂ ತಪ್ಪು ಮಾಡಿಯೇ ಕಲಿಯಬೇಕಾಯಿತು. ನಾನು ವಿಜ್ಞಾನ ಓದಿದವನಾದ್ದರಿಂದ ನೋಡುತ್ತ ಕೂರಲು ನನಗೆ ಬಹಳ ಚೆನ್ನಾಗಿತ್ತು. ಅವರು ಮಾಡಿದ್ದರಲ್ಲಿ ನಿಮ್ಮ ಪಠ್ಯಪುಸ್ತಕದ ಅರ್ಧ ಭಾಗವಿತ್ತು.

ಮಣ್ಣನ್ನು ನೀರಿನಲ್ಲಿ ಕದಡಿ ಸ್ವಲ್ಪ ಹೊತ್ತು ಬಿಟ್ಟರೆ ಮರಳು ತಳಕ್ಕೆ ಹೋಗುತ್ತದೆ, ನಯವಾದ ಪುಡಿ ನೀರಿನಲ್ಲೇ ತೇಲುತ್ತಿರುತ್ತದೆ. ಆ ಕದಡು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ಮತ್ತೆ ಕಾಯಬೇಕು. ಸಣ್ಣ ಕಣಗಳ ಮಟ್ಟಿಗೆ, ವ್ಯಾಸ ಅರ್ಧವಾದರೆ ಅವು ಮುಳುಗುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಸ್ಟೋಕ್ಸ್ ನಿಯಮವೆಂದು ಕಾಲೇಜಿನಲ್ಲಿ ಓದುತ್ತೀರಿ. ಆದ್ದರಿಂದ ಕಾಯುವ ಹೊತ್ತನ್ನು ಹೆಚ್ಚಿಸುತ್ತ ಹೋದಂತೆ ಸಿಗುವ ಬಣ್ಣ ನುಣುಪಾಗುತ್ತ ಹೋಗುತ್ತದೆ. ಆರು ದಿನ ಅವರು ಮಾಡುತ್ತಿದ್ದದ್ದು ಇದೇ ಕೆಲಸ.

ಕೆಂಪು ಮಣ್ಣಿನ ಬಣ್ಣ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡಿನದು. ಹಳದಿಯ ಬಣ್ಣ ಗೋಥೈಟ್ ಎಂಬ ಖನಿಜದ್ದು. ಅದೂ ಕಬ್ಬಿಣದ್ದೇ, ಆದರೆ ಅದರ ರಚನೆಯಲ್ಲಿ ಹೈಡ್ರಾಕ್ಸಿಲ್ ಸೇರಿಕೊಂಡಿದೆ. ಅದನ್ನು ಚೆನ್ನಾಗಿ ಕಾಯಿಸಿದರೆ ನೀರು ಹೊರಟುಹೋಗಿ ಹೆಮಟೈಟ್ ಉಳಿಯುತ್ತದೆ. ಅಂದರೆ ಹಳದಿ ಕೆಂಪಾಗುತ್ತದೆ. ಬಣ್ಣದ ಪೆಟ್ಟಿಗೆಯಲ್ಲಿ 'ರಾ ಸಿಯೆನ್ನಾ', 'ಬರ್ನ್ಟ್ ಸಿಯೆನ್ನಾ' ಎಂಬ ಎರಡು ಟ್ಯೂಬುಗಳನ್ನು ನೀವು ನೋಡಿದ್ದೀರಿ. ಎರಡನೆಯದು ಮೊದಲನೆಯದನ್ನು ನಿಜವಾಗಿಯೂ ಸುಟ್ಟು ಮಾಡಿದ್ದು. ಈ ಸಂಗತಿ ಶಿಕ್ಷಕಿಗೆ ಗೊತ್ತಿರಲಿಲ್ಲ. ತೊಳೆದ ಹಳದಿ ಮಣ್ಣು ಬೇಗ ಒಣಗಲೆಂದು ಹಳೆಯ ಕಬ್ಬಿಣದ ತವೆಯ ಮೇಲೆ ಹಾಕಿ ಒಲೆಯ ಮೇಲಿಟ್ಟು ಮರೆತರು. ನೋಡುವಾಗ ಅಂಚಿನಲ್ಲಿ ಹಳದಿ, ನಡುವೆ ಇಟ್ಟಿಗೆ ಕೆಂಪು. ಮುಂದಿನ ಮೂರು ದಿನ ಒಲೆಯ ಮುಂದೆಯೇ ಕಳೆದವು. ಅಡುಗೆಯವರು ಗೊಣಗಿದರು, ಒಂದು ತವೆ ಬಣ್ಣಕ್ಕೇ ಮೀಸಲಾಯಿತು.

ಇನ್ನು ಅಂಟು. ನೀರಿನಲ್ಲಿ ಕಲಸಿದ ಮಣ್ಣು ಒಣಗಿದ ಮೇಲೆ ಕೈಗೆ ಉದುರುತ್ತದೆ. ಜಲವರ್ಣದಲ್ಲಿ ಪುಡಿಯನ್ನು ಕಾಗದಕ್ಕೆ ಹಿಡಿದಿಡುವುದು ಜಾಲಿ ಜಾತಿಯ ಮರದ ಅಂಟು. ಅದನ್ನು ಕಡಿಮೆ ಹಾಕಿದರೆ ಬಣ್ಣ ಸುಣ್ಣದಂತೆ ಏಳುತ್ತದೆ, ಹೆಚ್ಚಾದರೆ ಹೊಳಪು ಬಂದು ಸೀಳುತ್ತದೆ. ದಪ್ಪ ಹಚ್ಚಿದರಂತೂ ಬಿರುಕು ಖಂಡಿತ. ಬೇಸಿಗೆಯಲ್ಲಿ ಕೆರೆಯಂಗಳ ಬಿರಿಯುವ ಕಾರಣವೇ ಇಲ್ಲೂ ಇದೆ. ನೀರು ಆರಿದಂತೆ ಜೇಡಿ ಕುಗ್ಗುತ್ತದೆ, ತಳ ಮಾತ್ರ ಕಾಗದಕ್ಕೆ ಕಚ್ಚಿಕೊಂಡು ಕುಗ್ಗಲಾರದು. ಅಂಟಿಗೆ ಬೂಷ್ಟು ಹಿಡಿಯದಂತೆ ಒಂದೆರಡು ಹನಿ ಲವಂಗದ ಎಣ್ಣೆ.

ಹದಿನಾರನೆಯ ದಿನ ಅವರ ಚೀಲದಲ್ಲಿದ್ದದ್ದು ಅಂಗೈಯಗಲದ ಇಪ್ಪತ್ತಮೂರು ಕಾಗದಗಳು. ಪ್ರತಿಯೊಂದರ ಮೇಲೂ ಒಂದೊಂದು ಛಾಯೆ, ಕೆಳಗೆ ಪೆನ್ಸಿಲಿನಲ್ಲಿ ಗುಂಡಿಯ ಯಾವ ಪಟ್ಟೆ, ಎಷ್ಟು ಹೊತ್ತು ಕಾಯಿಸಿದ್ದು, ಅಂಟು ಎಷ್ಟು ಎಂಬ ಟಿಪ್ಪಣಿ. ಚಿತ್ರ ಒಂದೂ ಇಲ್ಲ. ಶಾಲೆಗೆ ಮರಳಿದ ದಿನ ಮುಖ್ಯೋಪಾಧ್ಯಾಯರು "ಎಷ್ಟು ಚಿತ್ರ ಬಿಡಿಸಿದ್ರಿ ಟೀಚರ್?" ಎಂದು ಕೇಳಿದರಂತೆ. ಇವರು ಕಾಗದಗಳನ್ನು ತೋರಿಸಿದಾಗ ಸಭ್ಯವಾಗಿ ಹಿಂದಿರುಗಿಸಿದರಂತೆ. ಹದಿನಾರು ದಿನದ ರಜೆ ದಂಡವಾಯಿತೇ ಎಂದು ಅವರಿಗೇ ಸಂಶಯ ಬಂದಿತ್ತು. ಮರುವರ್ಷ ಫೋನಿನಲ್ಲಿ ಮಾತಾಡಿದಾಗ, ತಮ್ಮ ಊರಿನ ಎರೆಮಣ್ಣಿನಿಂದ ಕರಿ ಬಣ್ಣ ಸರಿಯಾಗಿ ಬರುತ್ತಿಲ್ಲ, ಒಣಗಿದರೆ ಬೂದಿ ಬಣ್ಣವಾಗುತ್ತದೆ, ಯಾಕೆ ಎಂದು ನನ್ನನ್ನೇ ಕೇಳಿದರು. ಒದ್ದೆಯಾಗಿದ್ದಾಗ ಕಣಗಳ ನಡುವೆ ನೀರು ತುಂಬಿರುವುದರಿಂದ ಬೆಳಕು ಕಡಿಮೆ ಚದುರುತ್ತದೆ, ಗಾಳಿ ತುಂಬಿಕೊಂಡರೆ ಹೆಚ್ಚು ಚದುರಿ ಬಣ್ಣ ಬಿಳಿಚುತ್ತದೆ ಎಂದೆ. ಹಾಗಾದರೆ ಅಂಟು ಹೆಚ್ಚಿಸಿ ನೋಡುತ್ತೇನೆಂದು ಫೋನು ಇಟ್ಟರು.

ಈಗ ನಿಮ್ಮ ವಿಷಯ. ಅರ್ಜಿಗೆ ಸಾಮಾನ್ಯವಾಗಿ ನಿಮ್ಮ ಹತ್ತಿಪ್ಪತ್ತು ಕೃತಿಗಳ ಫೋಟೋ, ನೀವು ಯಾರೆಂಬ ಅರ್ಧ ಪುಟ, ಅಲ್ಲಿ ಏನು ಮಾಡಬೇಕೆಂದಿದ್ದೀರಿ ಎಂಬ ಒಂದು ಪುಟ ಕೇಳುತ್ತಾರೆ. ಫೋಟೋ ಕೆಟ್ಟದ್ದಾಗಿ ಅರ್ಜಿ ಬಿದ್ದುಹೋಗುವುದನ್ನು ಕಂಡಿದ್ದೇನೆ. ಫ್ಲ್ಯಾಷ್ ಬೇಡ. ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಹೊರಗೆ ನೆರಳಿನಲ್ಲಿ ಚಿತ್ರವನ್ನು ನೇರವಾಗಿ ನಿಲ್ಲಿಸಿ, ಕ್ಯಾಮೆರಾ ಚಿತ್ರದ ನಡುಮಟ್ಟಕ್ಕೆ ಬರುವಂತೆ ಹಿಡಿದು ತೆಗೆಯಿರಿ. ಅಳತೆಯನ್ನೂ ಮಾಧ್ಯಮವನ್ನೂ ಬರೆಯಿರಿ. ಏನು ಮಾಡುತ್ತೀರಿ ಎಂಬ ಪುಟದಲ್ಲಿ 'ಅಸ್ತಿತ್ವದ ಹುಡುಕಾಟ' ಎಂಬಂಥ ಮಾತು ಬರೆಯದೆ, ಯಾವ ವಸ್ತುವಿನೊಂದಿಗೆ ಯಾವ ಕೆಲಸ ಎಂದು ನೇರವಾಗಿ ಹೇಳಿ. ಹೋದ ಮೇಲೆ ಅದು ಬದಲಾದರೂ ಯಾರೂ ತಕರಾರು ಮಾಡುವುದಿಲ್ಲ.

ಹಣದ ಮಾತು ಮರೆಯಬೇಡಿ. ಕೆಲವು ಕಡೆ ಎಲ್ಲವೂ ಉಚಿತ, ಕೆಲವು ಕಡೆ ಭತ್ಯವೂ ಉಂಟು. ಮ್ಯಾಕ್‌ಡೋವೆಲ್‌ನಲ್ಲಿ ವಾಸ್ತವ್ಯಕ್ಕೆ ಶುಲ್ಕವಿಲ್ಲ. ಬೇರೆ ಎಷ್ಟೋ ಕಡೆ ಕಲಾವಿದನೇ ಬಾಡಿಗೆ ಕೊಡಬೇಕು. ಅಂಥಲ್ಲಿ ರೆಸಿಡೆನ್ಸಿ ಎಂಬ ಹೆಸರು ಹೊತ್ತ ಹೋಮ್‌ಸ್ಟೇ ಆಗಿರುವ ಸಾಧ್ಯತೆಯೂ ಇದೆ. ಹಿಂದೆ ಅಲ್ಲಿದ್ದವರೊಬ್ಬರನ್ನು ಹುಡುಕಿ ವಿಚಾರಿಸದೆ ಮುಂಗಡ ಕಳಿಸಬೇಡಿ. ವಿದ್ಯಾರ್ಥಿನಿಯರಾದರೆ ಕೋಣೆಯ ಚಿಲಕ, ಬಚ್ಚಲುಮನೆ, ರಾತ್ರಿ ಅಲ್ಲಿ ಯಾರಿರುತ್ತಾರೆ ಎಂಬುದನ್ನು ಸಂಕೋಚವಿಲ್ಲದೆ ಕೇಳಿ.

ಮಾಧ್ಯಮ ಆರಿಸುವಾಗ ದಿನಗಳ ಲೆಕ್ಕ ನೋಡಿ. ತೈಲವರ್ಣ ನೀರು ಆರಿದ ಹಾಗೆ ಆರುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ತೆಳುವಾಗಿ ಹಚ್ಚಿದ್ದಕ್ಕೇ ಹಲವು ದಿನ ಬೇಕು, ದಪ್ಪಕ್ಕೆ ವಾರಗಳು. ಎರಡು ವಾರಕ್ಕೆ ಹೋದವರು ಹಸಿ ಕ್ಯಾನ್ವಾಸನ್ನು ಬಸ್ಸಿನಲ್ಲಿ ಹೊತ್ತು ಬರುವ ಫಜೀತಿ ನೀವೇ ಊಹಿಸಿಕೊಳ್ಳಿ. ಆಕ್ರಿಲಿಕ್ ನೀರು ಆರಿದ ಕೂಡಲೇ ಗಟ್ಟಿಯಾಗುತ್ತದೆ. ಆದರೆ ಮಳೆಗಾಲದ ಕರಾವಳಿಯಲ್ಲಿ ಕಾಗದವೇ ತೇವ ಹೀರಿ ಅಲೆಯಾಗಿ ಕೂರುತ್ತದೆ.

ಜೊತೆಗೆ ಯಾರು ಇರುತ್ತಾರೆ ಎಂಬುದೂ ಸಣ್ಣ ವಿಷಯವಲ್ಲ. 1888ರಲ್ಲಿ ವ್ಯಾನ್ ಗೋ ದಕ್ಷಿಣ ಫ್ರಾನ್ಸಿನ ಆರ್ಲ್ ಊರಿನಲ್ಲಿ ಹಳದಿ ಬಣ್ಣದ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಅದು ಕಲಾವಿದರ ನೆಲೆಯಾಗಬೇಕೆಂದು ಕನಸು ಕಂಡ. ಗೋಗ್ಯಾನ್ ಬರುತ್ತಾನೆಂದು ಅವನ ಕೋಣೆಗೆ ಸೂರ್ಯಕಾಂತಿಯ ಚಿತ್ರಗಳನ್ನು ಬರೆದು ತೂಗುಹಾಕಿದ. ಬಂದ ಗೋಗ್ಯಾನ್ ಇದ್ದದ್ದು ಒಂಬತ್ತು ವಾರ. ಅದು ಜಗಳದಲ್ಲಿ, ವ್ಯಾನ್ ಗೋನ ಕಿವಿಯ ಗಾಯದಲ್ಲಿ ಮುಗಿದದ್ದು ನಿಮಗೆ ಗೊತ್ತು. ಆ ಚಿತ್ರಗಳು ಉಳಿದವು, ಮನೆ ಎರಡನೆಯ ಮಹಾಯುದ್ಧದ ಬಾಂಬಿಗೆ ಸಿಕ್ಕಿ ಹೋಯಿತು. ಆದ್ದರಿಂದ ಸಂಜೆ ಒಟ್ಟಿಗೆ ಊಟ, ಹಗಲು ಅವರವರ ಪಾಡಿಗೆ ಅವರವರು ಎಂಬ ಕ್ರಮ ನನಗೆ ಹಿಡಿಸುತ್ತದೆ. ಮ್ಯಾಕ್‌ಡೋವೆಲ್, ಯಾಡೋ ಎರಡರಲ್ಲೂ ನಡೆದುಬಂದದ್ದು ಅದೇ.

ಅರ್ಜಿ ಹಾಕದೆಯೂ ಇದನ್ನು ಮಾಡಬಹುದು. ನಮ್ಮ ಕೆ. ವೆಂಕಟಪ್ಪನವರು ಊಟಿ, ಕೊಡೈಕನಾಲ್‌ಗಳಲ್ಲಿ ಇದ್ದು, ಬೆಟ್ಟದ ಮೇಲಿನ ಬೆಳಕು, ಮಂಜು, ಮೋಡಗಳನ್ನು ಜಲವರ್ಣದಲ್ಲಿ ಹಿಡಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯಿದೆ. ದಸರಾ ರಜೆಯಲ್ಲಿ ಅಜ್ಜಿಯ ಮನೆಯ ಅಟ್ಟವನ್ನು ಹತ್ತು ದಿನಕ್ಕೆ ಕೇಳಿ ಪಡೆಯಿರಿ. ಊಟಕ್ಕೆ ಕೂಗಬೇಡಿ, ನಾನೇ ಇಳಿದು ಬರುತ್ತೇನೆ ಎಂದು ಮೊದಲೇ ಹೇಳಿರಿ.

ಕೋಣೆ ಎಲ್ಲೇ ಇರಲಿ, ಕಿಟಕಿ ಯಾವ ದಿಕ್ಕಿಗಿದೆ ಎಂದು ನೋಡಿ. ಉತ್ತರದ ಕಿಟಕಿಯಿಂದ ನೇರ ಬಿಸಿಲು ಬರುವುದಿಲ್ಲ, ದಿನವಿಡೀ ಬೆಳಕು ಒಂದೇ ಹದದಲ್ಲಿರುತ್ತದೆ ಎಂದು ಯುರೋಪಿನ ಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ ಅದು ವರ್ಷವಿಡೀ ನಿಜವಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಉತ್ತರಕ್ಕಿರುತ್ತಾನೆ. ಬೇಸಿಗೆ ರಜೆಯಲ್ಲಿ ಉತ್ತರದ ಕಿಟಕಿಗೆ ತೆಳುವಾದ ಬಿಳಿ ಪಂಚೆಯೊಂದನ್ನು ಕಟ್ಟಬೇಕಾಗುತ್ತದೆ. ರಾತ್ರಿ ಹಳದಿ ಬಲ್ಬಿನ ಕೆಳಗೆ ಬಣ್ಣ ಬೆರೆಸಬೇಡಿ. ಆ ಬೆಳಕಿನಲ್ಲಿ ಒಂದೇ ಎಂದು ಕಂಡ ಎರಡು ನೀಲಿಗಳು ಬೆಳಗಾದ ಮೇಲೆ ಬೇರೆ ಬೇರೆಯಾಗಿ ಕಾಣಬಹುದು. ರಾತ್ರಿಯ ಹೊತ್ತನ್ನು ಪೆನ್ಸಿಲಿಗೆ ಬಿಡಿ, ಇಲ್ಲವೇ ಹಗಲು ಮಾಡಿದ್ದರ ಟಿಪ್ಪಣಿ ಬರೆಯಲು ಇಟ್ಟುಕೊಳ್ಳಿ.